ಪೇಪರ್‌ನಾಗ ಬರೋ ಹೊಸ ಮೆಡಿಕಲ್ ಸಂಶೋಧನೆ, ನಮ್ ಕಡಿ ಮಂದಿಗೆ ಖರೇನ ಉಪಯೋಗ ಆಗೋವು ಯಾವು?

ಮಲ್ಲು_ಸಿಂಧನೂರು:

ಎಲ್ರಿಗೂ ನಮಸ್ಕಾರ್ರಿ. ಪೇಪರ್ ತೆಗದ್ರ, ವಾಟ್ಸಾಪ್ ತೆಗದ್ರ ದಿನಾ ಒಂದಿಲ್ಲೊಂದು ಹೊಸ ಸಂಶೋಧನೆ ಬಂದಿರ್ತದ, ತೂಕ ಇಳಿಸೋ ಇಂಜೆಕ್ಷನ್ ಅಂತ, ಹಾವಿನ ವಿಷಕ್ಕ ಹೊಸ ಔಷಧಿ ಅಂತ, ಟಿಬಿಗೆ ಹೊಸ ಗುಳಿಗಿ ಅಂತ. ಓದಾಕ ಖುಷಿ ಆಗ್ತದ ಖರೆ, ಆದ್ರ ಸಿಂಧನೂರು, ಮಾನ್ವಿ, ಗಂಗಾವತಿ ಕಡಿ ಗದ್ದ್ಯಾಗ ದುಡಿಯೋ ಮಂದಿಗೆ ಇದ್ರಾಗ ಯಾವ್ದು ಈಗ ಸಿಗ್ತದ, ಯಾವ್ದು ಇನ್ನಾ ಇಲಿ ಮ್ಯಾಲೆ ನಡದದ ಅಂತ ತಿಳಿವಲ್ದು.

ಕೇಳಾಕ ಕಾರಣನೂ ಅದ. ನಮ್ಮವ್ವಗ 71 ವರ್ಷ, ಬಿಪಿ ಅದ, ಹಾರ್ಟಿಂದು ಏನೂ ತೊಂದ್ರಿ ಇಲ್ಲ. 2025ರಾಗ ಹಾಸನದ ಕಡಿ ವಯಸ್ಸಿನ ಹುಡುಗ್ರು ಹಾರ್ಟ್ ಅಟ್ಯಾಕ್ ಆಗಿ ಹೋದ ಸುದ್ದಿ ಟಿವ್ಯಾಗ ನೋಡಿ ಅಂಜ್ಯಾಳ, ರಕ್ತ ತೆಳ್ಳಗ ಆಗ್ತದ ಅಂತ ಯಾರೋ ಹೇಳಿದ್ದಕ್ಕ ಆವತ್ತಿಂದ ದಿನಾ ಒಂದು ಆಸ್ಪಿರಿನ್ ಗುಳಿಗಿ ತಗೋತಾಳ, ಡಾಕ್ಟರ್ ಬರದಿದ್ದಲ್ಲ. ಓಣ್ಯಾಗಿನ ಮಂದಿ ಎಲ್ಲಾ ಕೊರೊನಾ ಲಸಿಕೆಯಿಂದಾನೇ ಅಂತಾರ. ಇದ್ರ ಮ್ಯಾಲೆ ಈಗ ನಮ್ಮ ಮಾವಗ ಟಿಬಿ ಅಂತ ಗೊತ್ತಾಗ್ಯದ, ಮನ್ಯಾಗ ಸಣ್ಣ ಹುಡುಗ್ರು ಇದ್ದಾರ, ಎಲ್ರೂ ಗಾಬರಿ ಆಗ್ಯಾರ. ಆಸ್ಪತ್ರ್ಯಾಗ ಕೆಲಸ ಮಾಡೋರು, ಇಂಥಾವು ಓದೋರು ಯಾರರ ಇದ್ರ ಹೇಳ್ರಿ. ಲಿಂಕ್ ಬ್ಯಾಡ್ರಿ, ತಿಳಿಯೋ ಹಂಗ ಹೇಳ್ರಿ ಸಾಕು.

ಗವಿಮಠ_ರಸ್ತೆ:

ಮಲ್ಲು ಅವ್ರ, ನಾನು ಕೊಪ್ಪಳ ಜಿಲ್ಲೆದಾಗ ಟಿಬಿ ಕೆಲಸದಾಗ ಇರೋನು, ಅದಕ್ಕ ನಿಮ್ ಮಾವಾರ ವಿಷಯ ಮೊದ್ಲು ಹೇಳ್ತೀನಿ. ಇತ್ತೀಚಿನ ವರ್ಷದಾಗ ಬಂದ ಸಂಶೋಧನೆ ಒಳಗ ನಮ್ ಕಡಿಗೆ ಎಲ್ಲಾಕಿಂತ ದೊಡ್ಡದು ಯಾವ್ದು ಅಂದ್ರ ನಾ ಹೇಳೋದು ರೇಷನ್ಸ್ ಅನ್ನೋ ಅಧ್ಯಯನ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮುಂದ ನಿಂತು ಜಾರ್ಖಂಡ್‌ನ ನಾಕು ಜಿಲ್ಲೆದಾಗ ಮಾಡಿದ್ದು, 2023ರ ಆಗಸ್ಟ್‌ನಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕ್ಯಾಗ ಬಂತು. 2800 ಟಿಬಿ ಪೇಶೆಂಟ್, ಅವ್ರ ಮನ್ಯಾಗಿನ 10,345 ಮಂದಿ. ಪೇಶೆಂಟ್‌ಗೆ ಎಲ್ರಿಗೂ ರೇಷನ್ ಕೊಟ್ರು, ಮನಿಮಂದಿ ಒಳಗ ಮಾತ್ರ ಒಂದು ಗುಂಪಿಗೆ ಅಕ್ಕಿ, ಬ್ಯಾಳಿ, ವಿಟಮಿನ್ ಗುಳಿಗಿ ಕೊಟ್ರು, ಇನ್ನೊಂದು ಗುಂಪಿಗೆ ಇಲ್ಲ. ಊಟ ಸಿಕ್ಕ ಮನ್ಯಾಗ ಹೊಸದಾಗಿ ಟಿಬಿ ಬರೋದು ಸುಮಾರು 39% ಕಡಿಮಿ ಆತು, ಕಫ ಪರೀಕ್ಷೆದಾಗ ಪಕ್ಕಾ ಆಗೋ ಟಿಬಿ ಅಂತೂ 48% ಕಡಿಮಿ. ಯಾವ ಹೊಸ ಔಷಧಿನೂ ಅಲ್ರಿ ಇದು, ಬರೇ ಅಕ್ಕಿ ಬ್ಯಾಳಿ.

ಪೇಶೆಂಟ್ ವಿಷಯದಾಗ ಇನ್ನೊಂದು ಕಂಡ್ರು. ಔಷಧಿ ಶುರು ಆಗಿ ಎರಡು ತಿಂಗಳದಾಗ ಯಾರ ತೂಕ 5% ಏರ್ತೋ ಅವ್ರು ಸಾಯೋ ಸಾಧ್ಯತಿ 61% ಕಡಿಮಿ ಇತ್ತು. ಅಂದ್ರ 40 ಕೆಜಿ ಇರೋ ಮನಷ್ಯಾಗ ಎರಡು ಕೆಜಿ. ನಾನು ನೋಡಿದ ಒಬ್ರು ಅಕ್ಕಿ ಗಿರಣ್ಯಾಗ ಹಮಾಲಿ ಮಾಡೋರು, ದಿನಾ ಮೂಟಿ ಹೊರೋ ಮನಷ್ಯಾನ ತೂಕ 39 ಕೆಜಿ, ತೂಕದ ಮಷಿನ್ ಮ್ಯಾಲೆ ನಿಂತಾಗ ಚಪ್ಲಿ ಬಿಚ್ಚಿದ್ರ ಕಾಲಾಗಿನ ಎಲುಬು ಎಲ್ಲಾ ಎಣಸಬೋದಿತ್ತು. ಗುಳಿಗಿ ತಪ್ಪಸ್ತಿದ್ದಿಲ್ಲ ಪಾಪ, ಆದ್ರ ಕೆಲಸಕ್ಕ ಹೋಗಂಗಿಲ್ಲ ಅಂದ ಮ್ಯಾಲೆ ಮನ್ಯಾಗ ಒಲಿ ಹತ್ತೋದು ಒಂದ ಹೊತ್ತು. ಇಂಥಾವ್ರಿಗೆ ತತ್ತಿ, ಶೇಂಗಾ, ಬ್ಯಾಳಿ ತಿನ್ನಿ ಅಂತ ಬಾಯಲೆ ಹೇಳಿದ್ರ ಏನಾಗ್ತೈತಿ, ಕೈಯಾಗ ಸಿಗಬೇಕು. ಟಿಬಿ ಪೇಶೆಂಟ್‌ಗೆ ಊಟಕ್ಕಂತ ಸರ್ಕಾರ ರೊಕ್ಕ ಕೊಡೋ ನಿಕ್ಷಯ್ ಪೋಷಣ್ ಯೋಜನೆದಾಗ ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1000 ರೂಪಾಯಿ ಆಗೈತಿ, ನಿಮ್ ಮಾವಾರ ಬ್ಯಾಂಕ್ ಅಕೌಂಟ್ ಲಿಂಕ್ ಆಗೈತಿಲ್ಲೋ ಇವತ್ತ ಕೇಳ್ರಿ. ಮನ್ಯಾಗಿನ ಹುಡುಗ್ರಿಗೆ ಮೊದ್ಲು ತಪಾಸಣೆ ಮಾಡಿಸ್ರಿ, ಟಿಬಿ ಇಲ್ಲ ಅಂತ ಆದ್ರ ಬರಬಾರ್ದು ಅಂತ ಕೊಡೋ ಔಷಧಿ ಐತಿ, ಸರ್ಕಾರಿ ದವಾಖಾನ್ಯಾಗ ಪುಕ್ಕಟೆ. ಐದು ವರ್ಷದೊಳಗಿನ ಕೂಸು ಇದ್ರ ತಡಾ ಮಾಡಬ್ಯಾಡ್ರಿ.

ಔಷಧಿಗೆ ಬಗ್ಗಲಾರದ ಟಿಬಿಗೂ ದೊಡ್ಡ ಬದಲಾವಣಿ ಬಂದೈತಿ. ಮೊದ್ಲು ಒಂದೂವರಿ, ಎರಡು ವರ್ಷ ನುಂಗಬೇಕಾಗ್ತಿತ್ತು, ಈಗ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಅಂತ ನಾಕು ಔಷಧಿ, ಆರು ತಿಂಗಳು, ಸೂಜಿ ಇಲ್ಲ. 2022ರಾಗ ಬಂದ ಟ್ರಯಲ್‌ನಾಗ (ಪೇಶೆಂಟ್ ಮ್ಯಾಲೆ ಹೋಲಿಸಿ ನೋಡೋ ಪರೀಕ್ಷೆ) ಇದ್ರಿಂದ 89% ಮಂದಿಗೆ ಒಳ್ಳೆ ಫಲ ಸಿಕ್ಕಿತ್ತು, ಹಳೆ ಪದ್ಧತ್ಯಾಗ 52%. ನಮ್ ದೇಶದಾಗ 2024ರ ಸೆಪ್ಟೆಂಬರ್‌ನಾಗ ಒಪ್ಪಿಗಿ ಆತು. ನಿಮ್ ಮಾವಾರ್ದು ಸಾದಾ ಟಿಬಿ ಆಗಿದ್ರ ಇದು ಬೇಕಾಗಂಗಿಲ್ಲ.

ಕೌಲ್‌ಬಜಾರ್_ಮೆಡಿಕೋ:

ಬಳ್ಳಾರಿಯಿಂದ ನಾನು, ಮೆಡಿಸಿನ್ ಪಿಜಿ ಮಾಡ್ತಾ ಇದೀನಿ. ಅಮ್ಮೋರ ಆಸ್ಪಿರಿನ್ ಬಗ್ಗೆ ಹೇಳ್ಲೇಬೇಕು. 2018ರಲ್ಲಿ ಆಸ್ಪ್ರೀ ಅಂತ ದೊಡ್ಡ ಟ್ರಯಲ್ ರಿಸಲ್ಟ್ ಬಂತು, ಆಸ್ಟ್ರೇಲಿಯಾ ಮತ್ತೆ ಅಮೆರಿಕದಲ್ಲಿ 19,114 ಜನ ವಯಸ್ಸಾದೋರು, ಹಾರ್ಟ್ ಕಾಯಿಲೆ ಇಲ್ದೋರು. ಅರ್ಧ ಜನಕ್ಕೆ ದಿನಾ 100 ಮಿಲಿಗ್ರಾಂ ಆಸ್ಪಿರಿನ್ ಕೊಟ್ರು. ಹೃದ್ರೋಗ ಏನೂ ಗಣನೀಯವಾಗಿ ಕಡಿಮೆ ಆಗ್ಲಿಲ್ಲ, ದೊಡ್ಡ ರಕ್ತಸ್ರಾವ ಮಾತ್ರ 2.8% ಇದ್ದಿದ್ದು 3.8%ಗೆ ಹೋಯ್ತು. ಅಂದ್ರೆ ನಿಮ್ಮಮ್ಮನಂಥೋರಿಗೆ ಲಾಭಕ್ಕಿಂತ ನಷ್ಟಾನೇ ಜಾಸ್ತಿ. ಬಿಪಿ ನೋಡೋ ಡಾಕ್ಟರ್ ಹತ್ರ ಕರ್ಕೊಂಡೋಗಿ ಈ ಗುಳಿಗೆ ಬೇಕಾ ಅಂತ ನೇರವಾಗಿ ಕೇಳಿ. ಆದ್ರೆ ಇದನ್ನ ಓದ್ತಿರೋ ಬೇರೆಯೋರು ಗಮನಿಸಿ, ಸ್ಟೆಂಟ್ ಹಾಕಿಸ್ಕೊಂಡಿದ್ರೆ, ಒಂದ್ಸಲ ಅಟ್ಯಾಕ್ ಅಥವಾ ಸ್ಟ್ರೋಕ್ ಆಗಿದ್ರೆ ನಿಮಗೆ ನೀವೇ ಆಸ್ಪಿರಿನ್ ನಿಲ್ಲಿಸ್ಬೇಡಿ, ಅದು ಪ್ರಾಣಕ್ಕೇ ಬರುತ್ತೆ.

ಲಸಿಕೆ ಮಾತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನೋರು 2023ರಲ್ಲಿ ಇದನ್ನೇ ನೋಡಿದ್ರು, 47 ಆಸ್ಪತ್ರೆ, 18ರಿಂದ 45 ವರ್ಷದೊಳಗೆ ಚೆನ್ನಾಗಿದ್ದು ಇದ್ದಕ್ಕಿದ್ದಂಗೆ ಸತ್ತ 729 ಜನ, ಹೋಲಿಕೆಗೆ 2916 ಜನ. ಲಸಿಕೆಯಿಂದ ಅಪಾಯ ಹೆಚ್ಚಾಗಿಲ್ಲ ಅಂತ ಬಂತು. ಹೆಚ್ಚಾಗಿದ್ದು ಯಾರಿಗೆ ಅಂದ್ರೆ ಕೊರೊನಾ ಬಂದು ಅಡ್ಮಿಟ್ ಆಗಿದ್ದೋರು, ಮನೆಯಲ್ಲಿ ಹಿಂಗೆ ಹಠಾತ್ತನೆ ಸತ್ತೋರು ಇದ್ರೆ, ಸಾಯೋಕೆ ಮುಂಚೆ ಎರಡು ದಿನದೊಳಗೆ ವಿಪರೀತ ಕುಡಿದಿದ್ರೆ ಅಥವಾ ಮೈಮುರಿಯೋ ವ್ಯಾಯಾಮ ಮಾಡಿದ್ರೆ. ಎದೆನೋವು ಬಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡ್ಕೊಂಡು ಕೂರೋದು ನಮ್ ಕಡೆ ಭಾಳ ಐತೆ, ಅದಕ್ಕೆ ಇದನ್ನೂ ಹೇಳ್ತೀನಿ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ತಾಲೂಕು ಆಸ್ಪತ್ರೆಲಿ ಇಸಿಜಿ ತೆಗೆದು, ಅಟ್ಯಾಕ್ ಅಂತಾದ್ರೆ ರಕ್ತದ ಗಡ್ಡೆ ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ.

ಹಾವಿಂದು ಇನ್ನೂ ದೂರ ಐತೆ. 2024ರಲ್ಲಿ ಬೆಂಗಳೂರಿನ ಐಐಎಸ್‌ಸಿ ಮತ್ತೆ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯೋರು ಲ್ಯಾಬ್‌ನಲ್ಲಿ ಒಂದು ಪ್ರತಿಕಾಯ (ವಿಷಕ್ಕೆ ಅಂಟ್ಕೊಂಡು ಅದನ್ನ ತಡೆಯೋ ಪ್ರೋಟೀನ್) ತಯಾರಿಸಿದ್ರು, ನಾಗರಹಾವಿನ ಕುಲದ ಹಾವುಗಳ ನರಕ್ಕೆ ಹೊಡೆಯೋ ಒಂದು ಬಗೆ ವಿಷಕ್ಕೆ ಅದು ಕೆಲಸ ಮಾಡುತ್ತೆ, ಇಲಿ ಮೇಲೆ ನೋಡಿದಾರೆ ಅಷ್ಟೇ. ಕೊಳಕುಮಂಡಲದ ವಿಷ ಬೇರೆ ಥರ, ಅದಕ್ಕೆ ಇದು ನಡಿಯಲ್ಲ. ಸದ್ಯಕ್ಕೆ ಕಚ್ಚಿದ ತಕ್ಷಣ ಆಸ್ಪತ್ರೆ, ಹಳೇ ಆಂಟಿವೆನಮ್ (ಹಾವಿನ ವಿಷ ಇಳಿಸೋ ಇಂಜೆಕ್ಷನ್), ಅದೇ ದಾರಿ. ಹಗ್ಗ ಬಿಗಿಯೋದು, ಕೊಯ್ಯೋದು, ನಾಟಿ ಮದ್ದಿಗೆ ಊರೂರು ಅಲೆಯೋದು ಬೇಡ್ವೇ ಬೇಡ.

ಹೆರಿಗೆವಾರ್ಡ್_ರಾಯಚೂರು:

ಬಾಣಂತೇರ ಸುದ್ದಿ ಯಾರೂ ಎತ್ತಲಿಲ್ಲ, ಅದಕ್ಕ ನಾ ಬರೀತೀನಿ. ಸ್ಟಾಫ್ ನರ್ಸ್ ನಾನು. ಹೆರಿಗಿ ಆದ ಮ್ಯಾಲೆ ರಕ್ತ ಎಷ್ಟು ಹೋಗ್ಯದ ಅಂತ ಬಟ್ಟಿ ನೋಡಿ, ಕಣ್ಣಂದಾಜಿನ ಮ್ಯಾಲೆ ಹೇಳೋದು ರೂಢಿ, ಅದ್ರಾಗ ಭಾಳ ತಪ್ಪು ಆಗ್ತದ. 2023ರಾಗ ಇ-ಮೋಟಿವ್ ಅಂತ ಟ್ರಯಲ್ ಬಂತು, ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರಿ, ಎರಡು ಲಕ್ಷಕ್ಕಿಂತ ಜಾಸ್ತಿ ಹೆರಿಗಿ. ಮಾಡಿದ್ದು ಇಷ್ಟರಿ, ಹೆಣ್ಮಗಳ ಸೊಂಟದ ಬುಡಕ ಒಂದು ಪ್ಲಾಸ್ಟಿಕ್ ಹಾಳಿ ಹಾಸ್ತಾರ, ಅದ್ರ ತುದಿ ಚೀಲದ ಹಂಗ ಕೆಳಗ ಜೋತುಬಿದ್ದಿರ್ತದ, ಚೀಲದ ಮ್ಯಾಲೆ ಮಿಲಿ ಲೆಕ್ಕದ ಗೆರಿ ಅವ, ರಕ್ತ 500 ಗೆರಿ ಮುಟ್ಟಿದ್ರ, ಇಲ್ಲಾ 300 ದಾಟಿ ಬಿಪಿನೋ ನಾಡಿನೋ ಏರುಪೇರು ಆದ್ರ, ಯಾರ ಹಾದಿನೂ ಕಾಯದ ಗರ್ಭಕೋಶ ತಿಕ್ಕೋದು, ಗರ್ಭಕೋಶ ಬಿಗಿ ಮಾಡೋ ಆಕ್ಸಿಟೋಸಿನ್, ರಕ್ತ ನಿಲ್ಲಾಕ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ತಪಾಸಣಿ ಎಲ್ಲಾ ಒಮ್ಮೆಲೆ ಶುರು. ವಿಪರೀತ ರಕ್ತಸ್ರಾವ, ಅದ್ರಿಂದಾಗೋ ಆಪರೇಷನ್, ಸಾವು ಎಲ್ಲಾ ಕೂಡಿಸಿ 4.3%ರಿಂದ 1.6%ಗೆ ಇಳೀತು. ಪ್ರತಿ ಹೆರಿಗಿ ಟೇಬಲ್ ಮ್ಯಾಲೂ ಈ ಚೀಲ ಇರಬೇಕು ಅಂತ ನನ್ನ ಹಟ ಅದ. ಒಂದು ತಾಸಿನಾಗ ಹೋಗೋ ಜೀವ ಅದು.

ಗರ್ಭಿಣೇರಿಗೆ ಇನ್ನೊಂದು, ಕ್ಯಾಲ್ಸಿಯಂ ಗುಳಿಗಿ. ಬೆಂಗಳೂರಿನ 11,000, ತಾಂಜಾನಿಯಾದ 11,000 ಹೆಣ್ಮಕ್ಕಳ ಟ್ರಯಲ್ 2024ರ ಜನವರ್ಯಾಗ ಬಂತು. ದಿನಕ್ಕ 1500 ಮಿಲಿಗ್ರಾಂ ತಗೊಂಡ್ರೂ 500 ತಗೊಂಡ್ರೂ ಗರ್ಭಿಣ್ಯಾಗಿನ ಬಿಪಿ ಕಾಯಿಲಿ ತಡಿಯೋದ್ರಾಗ 500 ಏನೂ ಹಿಂದ ಬೀಳಲಿಲ್ಲ. ಮೂರು ಮೂರು ಗುಳಿಗಿ ನುಂಗಾಕ ಆಗಂಗಿಲ್ಲ ಅಂತ ಒಂದೂ ನುಂಗದ ಬಿಡೋರು ಇದ್ದಾರಲ್ಲ, ಅವ್ರಿಗೆ ಇದು ಒಳ್ಳೆ ಸುದ್ದಿ. ಆಶಾ ಅಕ್ಕ ಕೊಟ್ಟದ್ದನ್ನ ಅವ್ರು ಹೇಳಿದ ಲೆಕ್ಕಕ್ಕ ತಗೋರಿ, ಕಬ್ಬಿಣದ ಗುಳಿಗಿ ಜೋಡಿ ಒಂದೇ ಹೊತ್ತಿಗೆ ಮಾತ್ರ ಬ್ಯಾಡ.

ಮಲ್ಲು_ಸಿಂಧನೂರು:

ಅಕ್ಕಾರ, ಅಣ್ಣಾರ, ಎಲ್ರಿಗೂ ಭಾಳ ಉಪಕಾರ ಆತ್ರಿ. ಮಾವನ ಬ್ಯಾಂಕ್ ಪಾಸ್‌ಬುಕ್ ತಗೊಂಡು ನಾಳೆ ಮುಂಜಾನೆ ದವಾಖಾನಿಗೆ ಹೋಗ್ತೀನಿ, ಹುಡುಗ್ರನ್ನೂ ಕರ್ಕೊಂಡು. ಅವ್ವನ ಗುಳಿಗಿದೂ ಕೇಳ್ತೀನಿ. ಇನ್ನೊಂದು ಕೇಳೋದಿತ್ತು, ಪೊಟ್ಯಾಶಿಯಂ ಉಪ್ಪು ತಿಂದ್ರ ಬಿಪಿ ಇಳೀತದ ಅಂತ ಬರ್ತದಲ್ಲ, ಅದು ಖರೇನಾ? ಅವ್ವಗ ಉಪ್ಪಿನಕಾಯಿ ಇಲ್ದ ರೊಟ್ಟಿ ಇಳಿಯಂಗಿಲ್ಲ.

ಕೌಲ್‌ಬಜಾರ್_ಮೆಡಿಕೋ:

ಖರೇನೇ ಐತೆ. ಚೀನಾದ 600 ಹಳ್ಳಿಲಿ 20,995 ಜನ, ಸ್ಟ್ರೋಕ್ ಆಗಿದ್ದೋರು ಇಲ್ಲಾ 60 ದಾಟಿ ಬಿಪಿ ಇದ್ದೋರು, ಕಾಲು ಭಾಗ ಪೊಟ್ಯಾಶಿಯಂ ಕ್ಲೋರೈಡ್ ಬೆರೆಸಿದ ಉಪ್ಪು ತಿಂದಿದ್ದಕ್ಕೆ ಸ್ಟ್ರೋಕ್ 14% ಕಡಿಮೆ ಆಯ್ತು, 2021ರಲ್ಲಿ ಬಂದಿದ್ದು. 2025ರ ಜನವರಿಲಿ ಡಬ್ಲ್ಯುಎಚ್‌ಒನೂ ಇಂಥ ಉಪ್ಪು ಬಳಸ್ಬೋದು ಅಂತ ಹೇಳ್ತು. ಆದ್ರೆ ಕಿಡ್ನಿ ತೊಂದ್ರೆ ಇರೋರನ್ನ ಆ ಟ್ರಯಲ್‌ಗೆ ತಗೊಂಡೇ ಇರ್ಲಿಲ್ಲ. ಅಮ್ಮೋರು ಬಿಪಿಗೆ ಟೆಲ್ಮಿಸಾರ್ಟನ್ ಥರದ್ದು ಏನಾದ್ರೂ ತಗೋತಿದ್ರೆ ಅದೂ ರಕ್ತದಲ್ಲಿ ಪೊಟ್ಯಾಶಿಯಂ ಏರಿಸುತ್ತೆ, ಜಾಸ್ತಿ ಆದ್ರೆ ಹಾರ್ಟ್ ಬಡಿತಾನೇ ತಪ್ಪುತ್ತೆ. ಮೊದ್ಲು ಕ್ರಿಯಾಟಿನಿನ್ (ಕಿಡ್ನಿ ಹೆಂಗೈತೆ ಅಂತ ತೋರ್ಸೋದು), ಪೊಟ್ಯಾಶಿಯಂ ಎರಡೂ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಮತ್ತೆ ಗುಳಿಗೆ ಚೀಟಿ ಡಾಕ್ಟರ್‌ಗೆ ತೋರ್ಸಿ, ಅವ್ರು ಹೂಂ ಅಂದ್ಮೇಲೆ ಆ ಉಪ್ಪು ತನ್ನಿ. ಅಲ್ಲೀವರೆಗೂ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ, ಉಪ್ಪಿನಕಾಯಿ ಬದ್ಲು ರೊಟ್ಟಿ ಜೊತೆ ಗುರೆಳ್ಳು ಚಟ್ನಿಪುಡಿ ಉಪ್ಪು ಕಮ್ಮಿ ಹಾಕಿ ಕುಟ್ಟಿ ಕೊಡಿ.