ಕುದುರೆಮುಖದ ಅದಿರು, ಇರಾನಿನ ಸ್ನೇಹ

ದೊಡ್ಡಪ್ಪ: ಈಗ ಕಳಿಸಿದ ಲೇಖನ ಎಲ್ಲರೂ ಓದಿ. ತೈಲ, ಅದಿರು ಯಾರಿಂದ ಕೊಳ್ಳುತ್ತೇವೋ ಅವರ ಪರ ನಿಲ್ಲಲೇಬೇಕು ಅಂತ ಬರೆದಿದ್ದಾರೆ. ನೂರಕ್ಕೆ ನೂರು ನಿಜ. 1973ರ ಇಸ್ರೇಲ್ ಯುದ್ಧದಲ್ಲಿ ಅರಬ್ ದೇಶಗಳು ತೈಲ ಬಿಗಿ ಹಿಡಿದಾಗ ಜಪಾನ್ ಏನು ಮಾಡಿತು? ಅಮೆರಿಕ ಬೇಡ ಅಂದರೂ ಕೇಳಲಿಲ್ಲ. 1967ರಲ್ಲಿ ಹಿಡಿದ ಅರಬ್ ನೆಲವನ್ನೆಲ್ಲ ಇಸ್ರೇಲ್ ಬಿಡಬೇಕು ಅಂತ ನವೆಂಬರ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ ಅರಬ್ಬರು ಅದನ್ನು ಮಿತ್ರ ದೇಶ ಅಂದರು.

ಸವಿತಾ: ಜಪಾನ್ ವಿಷಯ ಒಪ್ಪಿದೆ ದೊಡ್ಡಪ್ಪ. ಅದಕ್ಕೆ ಬೇರೆ ದಾರಿ ಇರಲಿಲ್ಲ. ಆದರೆ ಆಸ್ಟ್ರೇಲಿಯಾ ನೋಡಿ. ಅದರ ಕಬ್ಬಿಣದ ಅದಿರಿಗೆ ಚೀನಾವೇ ದೊಡ್ಡ ಗಿರಾಕಿ. 2020ರಲ್ಲಿ ಕೋವಿಡ್ ಎಲ್ಲಿಂದ ಬಂತು ಅಂತ ತನಿಖೆ ಆಗಲಿ ಅಂದದ್ದಕ್ಕೆ ಚೀನಾ ಸಿಟ್ಟಾಯಿತು. ಅಲ್ಲಿನ ಬಾರ್ಲಿ, ವೈನ್ ಮೇಲೆ ಭಾರಿ ಸುಂಕ ಹಾಕಿತು. ಅದಿರನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಅದಿರು ಬೇರೆ ಎಲ್ಲಿ ಸಿಗುತ್ತೆ? ಮರುವರ್ಷವೇ ಆಸ್ಟ್ರೇಲಿಯಾ ಚೀನಾದ ಸಿಟ್ಟಿಗೆ ಬಗ್ಗದೆ ಅಮೆರಿಕ, ಬ್ರಿಟನ್ ಜೊತೆ ಜಲಾಂತರ್ಗಾಮಿ ಒಪ್ಪಂದ ಮಾಡಿಕೊಂಡಿತು.

ಚಿಕ್ಕಪ್ಪ: ಅಷ್ಟು ದೂರ ಯಾಕೆ? ಕುದುರೆಮುಖ ಮರೆತುಬಿಟ್ರಾ? ಇರಾನಿನ ದೊರೆ ಶಾ 1965ರ ಯುದ್ಧದಲ್ಲಿ ಪಾಕಿಸ್ತಾನದ ಬೆನ್ನಿಗೆ ನಿಂತಿದ್ದ. 1974ರಲ್ಲಿ ಅವನೇ ದೆಹಲಿಗೆ ಬಂದ. ಮರುವರ್ಷ ಕುದುರೆಮುಖದ ಗಣಿಗೆ ಇರಾನ್ 63 ಕೋಟಿ ಡಾಲರ್ ಸಾಲ ಕೊಡುವ ಒಪ್ಪಂದ, ಬದಲಿಗೆ ನಮ್ಮಿಂದ 15 ಕೋಟಿ ಟನ್ ಅದಿರು.

ದೊಡ್ಡಪ್ಪ: ಅದೇ ನಾನು ಹೇಳಿದ್ದು! ಅದಿರು ಬೇಕಿತ್ತು, ಪಕ್ಷ ಬದಲಾಯಿತು.

ಸವಿತಾ: ಎಷ್ಟು ದಿನ? 1979ರಲ್ಲಿ ಕ್ರಾಂತಿ ಆಯಿತು. ಶಾ ಹೋದ, ಹೊಸಬರು ಅದಿರು ಬೇಡ ಅಂದರು. ಸಾಲದ ಹಣವೂ ಪೂರ್ತಿ ಬರಲಿಲ್ಲ. ಬೆಟ್ಟದ ಮೇಲೆ ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಘಟ್ಟ ಇಳಿಸಿ ಮಂಗಳೂರಿಗೆ ಹರಿಸಲು 67 ಕಿಲೋಮೀಟರ್ ಕೊಳವೆ. ಇಷ್ಟೆಲ್ಲ ಒಬ್ಬನೇ ಗಿರಾಕಿಯನ್ನು ನಂಬಿ ಶುರು ಮಾಡಿದ್ದು. ಆಮೇಲೆ ಬೇರೆ ದೇಶಗಳಲ್ಲಿ ಗಿರಾಕಿ ಹುಡುಕಬೇಕಾಯಿತು. 2005ರ ಕೊನೆಗೆ ಗಣಿ ನಿಲ್ಲುವ ಹೊತ್ತಿಗೆ ಶೋಲಾ ಕಾಡು ಹೋಗಿತ್ತು, ಭದ್ರೆಗೆ ಹೂಳು ಸೇರಿತ್ತು. ನನಗೆ ಈಗಲೂ ಸಂಕಟ ಆಗುವುದು ಅದಕ್ಕೇ. ಯಾರು ಎಷ್ಟು ಕೊಳ್ಳುತ್ತಾರೆ ಅನ್ನುವುದು ಮುಖ್ಯ ಅಲ್ಲ ದೊಡ್ಡಪ್ಪ. ವ್ಯಾಪಾರ ಮುರಿದರೆ ಯಾರಿಗೆ ಬೇರೆ ದಾರಿ ಇದೆ, ಅದನ್ನು ನೋಡಬೇಕು.

ದೊಡ್ಡಪ್ಪ: ಸರಿ ಮಗಳೇ. ಆದರೆ ತೈಲದಲ್ಲಿ ನಾವೂ ಜಪಾನಿನ ಹಾಗೇ ಅಲ್ವಾ? ನೂರಕ್ಕೆ 80ಕ್ಕಿಂತ ಜಾಸ್ತಿ ಹೊರಗಿನದೇ.

ಸವಿತಾ: ಹೌದು. ಅದಕ್ಕೇ ಇರಾಕ್, ಸೌದಿ, ರಷ್ಯಾ, ಅಮೆರಿಕ ಎಲ್ಲ ಕಡೆಯಿಂದಲೂ ತರಿಸುತ್ತಾರೆ. ನೀವು ಕಳಿಸಿದ ಲೇಖನದಲ್ಲಿ ಈ ಮಾತೇ ಇಲ್ಲ.