ಮಾಡೆಮ್ ಕನೆಕ್ಟ್ ಆಗ್ತದೆ, ಪಿಪಿಪಿ (ಫೋನ್ ಲೈನ್ ಮೇಲೆ ಎರಡು ಕಂಪ್ಯೂಟರ್ ಮಾತಾಡೋ ಪ್ರೋಟೋಕಾಲ್) ಮಾತ್ರ ಏಳ್ತಿಲ್ಲ. ಅನುಭವ ಇರೋರು ಹೇಳಿ

ತುಂಗಾತೀರ: ನಮ್ಮ ಅಡಿಕೆ ಸೊಸೈಟಿಯ ಒಂದು ಬ್ರಾಂಚ್ ತೀರ್ಥಹಳ್ಳಿಯಿಂದ ಒಳಗೆ, ಮೊಬೈಲ್ ಸಿಗ್ನಲ್ ಇಲ್ಲ. ವಿಂಡೋಸ್ 98 ಮಷೀನಿಂದ ಸಂಜೆ ಶಿವಮೊಗ್ಗದ ಲಿನಕ್ಸ್ ಸರ್ವರಿಗೆ ಡಯಲ್ ಮಾಡಿ ಲೆಕ್ಕ ಕಳಿಸೋದು. ಈ ತಿಂಗಳಿಂದ ಮಾಡೆಮ್ ಕಿರುಚಿ ಮುಗೀತದೆ, ಕನೆಕ್ಟ್ 31200 (ಸೆಕೆಂಡಿಗೆ ಅಷ್ಟು ಬಿಟ್ ವೇಗ) ಅಂತ್ಲೂ ಬರ್ತದೆ, ಅರ್ಧ ನಿಮಿಷ ಸುಮ್ನಿದ್ದು ಕಟ್. ಸರ್ವರ್ ಲಾಗಲ್ಲಿ ‘ಎಲ್‌ಸಿಪಿ: ಟೈಮ್‌ಔಟ್ ಸೆಂಡಿಂಗ್ ಕಾನ್ಫಿಗ್-ರಿಕ್ವೆಸ್ಟ್ಸ್’, ಅಂದ್ರೆ ಪಿಪಿಪಿ ಶುರುವಿನ ಮಾತುಕತೆಗೆ ಉತ್ತರ ಬರ್ಲಿಲ್ಲ ಅಂತ. ಯಾರಿಗಾದ್ರೂ ಹಿಂಗಾಗಿತ್ತಾ?

ಸಾಗರದವ: ಆಗಿತ್ತು ಮಾರಾಯ್ರೆ, 2004ರಲ್ಲಿ ಹಾಲಿನ ಡೈರೀಲಿ. ಬಂದವರೆಲ್ಲ ಮಾಡೆಮ್ ಬದಲಿಸಿ ಅಂದ್ರು, ಎಕ್ಸ್‌ಟರ್ನಲ್ ಮಾಡೆಮ್ಮಿಗೆ 3,200, ಅಡಾಪ್ಟರ್ ಬೇರೆ 250, ಮೇಲಿಂದ ಪ್ರತಿ ಸಲ ಡಯಲ್ ಮಾಡಿದ್ರೂ ಎಸ್‌ಟಿಡಿ ಪಲ್ಸ್ ಬೀಳೋದು, ಲೆಕ್ಕ ಹೋಗ್ಲಿ ಬಿಡ್ಲಿ ಬಿಲ್ ಮಾತ್ರ ಬರೋದು. ಕಡೆಗೆ ನೋಡಿದ್ರೆ ಆ ಕಡೆ ಎಂಗೆಟ್ಟಿ (ಸರ್ವರಲ್ಲಿ ಫೋನ್ ಎತ್ತೋ ಪ್ರೋಗ್ರಾಂ) ಲಾಗಿನ್ ಪ್ರಾಂಪ್ಟ್ ಹಾಕ್ಕೊಂಡು ಕೂತಿತ್ತು, ನಾವು ಕಳಿಸಿದ್ದನ್ನೇ ವಾಪಸ್ ಎಕೋ ಮಾಡ್ತಿತ್ತು, ಪ್ಯಾಕೆಟ್ ಯಾರದ್ದು ಅಂತ ಗುರುತಿಗೆ ಹಾಕೋ ನಮ್ಮ ಮ್ಯಾಜಿಕ್ ನಂಬರೇ ನಮಗೆ ತಿರುಗಿ ಬಂದು ‘ಲೂಪ್ಡ್ ಬ್ಯಾಕ್’ ಅಂತ ಲಾಗ್. ಎಂಗೆಟ್ಟಿಯ ಲಾಗಿನ್ ಕಾನ್ಫಿಗ್ ಫೈಲಲ್ಲಿ, ಪಿಪಿಪಿ ಕರೆ ಬಂದ್ರೆ ತಾನೇ ಪಿಪಿಪಿಗೆ ಒಪ್ಪಿಸೋ ಆಟೋಪಿಪಿಪಿ ಸಾಲಿನ ಮುಂದೆ ಅದನ್ನ ತಡೆದು ಕೂತಿದ್ದ ಹ್ಯಾಷ್ (#) ತೆಗೆದೆ, ಅವತ್ತೇ ಎದ್ದಿತು. ಒಂದು ಹ್ಯಾಷ್ ಚಿಹ್ನೆಗೆ ಅಷ್ಟು ದುಡ್ಡು ಹೋಯ್ತಲ್ಲ ಅಂತ ಈಗಲೂ ಹೊಟ್ಟೆ ಉರೀತದೆ. ಮೊದಲು ಅದನ್ನ ನೋಡಿ.

ಹುಬ್ಬಳ್ಳಿ ಮಂದಿ: ಹಂಗಲ್ರೀ. ಅವರು ಕೊಟ್ಟಿರೋ ಲಾಗ್ ಪಿಪಿಪಿಡಿದು, ಅಂದ್ರ ಸರ್ವರಿನ್ಯಾಗ ಪಿಪಿಪಿ ನಡಸೋ ಪ್ರೋಗ್ರಾಂದು. ಪಿಪಿಪಿಡಿ ಎದ್ದೇತಿ, 3 ಸೆಕೆಂಡಿಗೊಮ್ಮೆ ಹತ್ತು ಸಲ ಕೇಳೇತಿ, ಉತ್ತರ ಬಂದಿಲ್ಲ, 30 ಸೆಕೆಂಡಿಗೆ ಕಟ್ ಮಾಡೇತಿ. ಎಂಗೆಟ್ಟಿ ಕೆಲಸ ಅಲ್ಲಿಗೇ ಮುಗೀತು. ನಮ್ಮ ಗೋಡೌನಿನ್ಯಾಗ ಇದು ಕೇಬಲ್ ದೆಸೆಯಿಂದ ಆಗಿತ್ತು. ಮೂರೇ ತಂತಿ ಇರೋ ಕೇಬಲ್ ಕೊಟ್ಟು 180 ರೂಪಾಯಿ ತಗೊಂಡಿದ್ದ ಅಂಗಡಿಯವ, ಆರ್‌ಟಿಎಸ್ ಸಿಟಿಎಸ್ (‘ಕಳಿಸು, ತಡಿ’ ಅಂತ ಹೇಳೋ ತಂತಿ) ಏನೂ ಇಲ್ಲ, ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್ ಮ್ಯಾಲೆ ಓಡ್ತಿತ್ತು. ಅದರಾಗ ‘ಕಳಿಸು, ತಡಿ’ ಅನ್ನೋ ಎಕ್ಸಾನ್ ಎಕ್ಸಾಫ್ ಅಕ್ಷರ ಡೇಟಾದಾಗ ಬಂದ್ರ ನಡುವ ನುಂಗಿ ಹೋಗ್ತಾವ. ಪೂರ್ತಿ ತಂತಿ ಕೇಬಲ್ ಹಾಕ್ರಿ, ಸಿಆರ್‌ಟಿಎಸ್‌ಸಿಟಿಎಸ್ (ಆ ತಂತಿ ಬಳಸೋ ಪಿಪಿಪಿಡಿ ಆಯ್ಕೆ) ಕೊಡ್ರಿ.

ಬೈನರಿ ಬಸವನಗುಡಿ: ಗುರು, ಅರ್ಧ ಗೊತ್ತಿದ್ರೆ ಬರೀಬೇಡಿ. ಎಲ್‌ಸಿಪಿ ಪ್ಯಾಕೆಟ್‌ನಲ್ಲಿ ಕೋಡ್ ಸಂಖ್ಯೆ 32ಕ್ಕಿಂತ ಕೆಳಗಿನ ಕಂಟ್ರೋಲ್ ಅಕ್ಷರ ಎಲ್ಲಾನೂ ಎಸ್ಕೇಪ್ ಆಗೇ (ಬೇರೆ ಅಕ್ಷರದ ವೇಷದಲ್ಲಿ) ಹೋಗತ್ತೆ, ಎಕ್ಸಾನ್ ಎಕ್ಸಾಫ್ ಕೂಡ. ಅದರಿಂದ ತೊಂದರೆ ಬರೋದು ಲಿಂಕ್ ಎದ್ದ ಮೇಲೆ, ದೊಡ್ಡ ಫೈಲ್ ಕಳಿಸುವಾಗ, ಅದಕ್ಕೆ ಅಸಿಂಕ್‌ಮ್ಯಾಪ್ ಎ0000 ಅಂತ, ಆ ಎರಡು ಅಕ್ಷರ ಎಸ್ಕೇಪ್ ಮಾಡ್ಸೋ ಪಿಪಿಪಿಡಿ ಆಯ್ಕೆ ಇದೆ. ಇಲ್ಲಿ ಮಾತುಕತೆ ಶುರುನೇ ಆಗಿಲ್ವಲ್ಲ. ನಂದು ಕೇಳಿ. ಅಪಾರ್ಟ್‌ಮೆಂಟಿನ ಹಳೇ ಮೀಟರ್ ಮಷೀನು, ವರ್ಷಗಟ್ಲೆ ಚೆನ್ನಾಗೇ ಇತ್ತು. ತಾಮ್ರದ ಲೈನ್ ತೆಗೆದು ಫೈಬರ್ ಡಬ್ಬಿ ಕೂರಿಸಿದ್ರು, ಫೋನ್ ನಂಬರ್ ಅದೇ, ಮಾತು ಸ್ಪಷ್ಟ, ಆದ್ರೆ ಒಳಗೆ ಧ್ವನಿ ಪ್ಯಾಕೆಟ್ ಆಗಿ ಹೋಗೋದು. ಒಂದೆರಡು ಪ್ಯಾಕೆಟ್ ಬಿದ್ರೆ ಮನುಷ್ಯರ ಕಿವಿಗೆ ಗೊತ್ತಾಗಲ್ಲ, ಮಾಡೆಮ್ ಅಲ್ಲೇ ಸಿಂಕ್ ಕಳ್ಕೊಳತ್ತೆ. ಕನೆಕ್ಟ್ ಬರತ್ತೆ, ಆಮೇಲೆ ಪೂರ್ತಿ ರೀಟ್ರೇನ್, ಅಂದ್ರೆ ಮತ್ತೆ ಮತ್ತೆ ಮೊದಲಿಂದ ಹೊಂದಿಸ್ಕೊಳ್ಳೋದು. ಟೆಕ್ನಿಷಿಯನ್ ಬಂದಾಗೆಲ್ಲ ರಿಸೀವರ್ ಎತ್ತಿ ಹಲೋ ಅಂದು ‘ಲೈನ್ ಸರಿಯಾಗಿದೆ ಸಾರ್’ ಅಂತ ಹೋಗೋರು, ವಿಸಿಟಿಂಗ್ ಚಾರ್ಜ್ 300. ಡಬ್ಬೀಲಿ ಕೋಡೆಕ್ (ಧ್ವನಿ ಡಿಜಿಟಲ್ ಮಾಡೋ ವಿಧಾನ) ಜಿ.711 ಮಾಡಿಸಿ, ಎಕೋ ಕ್ಯಾನ್ಸಲ್ (ಪ್ರತಿಧ್ವನಿ ಅಳಿಸೋದು) ತೆಗೆಸಿ, ಮಾಡೆಮ್ ವೇಗ 9600ಕ್ಕೆ ಕಟ್ಟಿ ಹಾಕಿದ ಮೇಲೆ ನಿಂತಿತು. ವೇಗ ಕಟ್ಟೋ ಎಟಿ ಕಮಾಂಡ್ (ಮಾಡೆಮ್ಮಿಗೆ ಕೊಡೋ ಆದೇಶ) ಪ್ರತಿ ಚಿಪ್ಪಿಗೂ ಬೇರೆ, ಮಾಡೆಮ್ ಜೊತೆ ಬಂದ ಪುಸ್ತಕ ನೋಡಿ.

ಹುಬ್ಬಳ್ಳಿ ಮಂದಿ: ಕೇಬಲ್ ಬದಲಿಸಿದ ಕೂಡ್ಲೇ ನಮ್ಮದು ನಡದೇತಿ, ಎಸ್ಕೇಪ್ ಪಾಠ ನನಗ ಬ್ಯಾಡ.

ಬೈನರಿ ಬಸವನಗುಡಿ: ನಡೆದಿರಬಹುದು. ಹಳೇ ಕೇಬಲ್ ತಂತಿ ಒಳಗೇ ಮುರಿದಿರತ್ತೆ. ಕಾರಣ ತಪ್ಪು ಹೇಳಿದ್ರೆ ಓದೋರು ದುಡ್ಡು ಕಳ್ಕೋತಾರೆ.

ಸಾಗರದವ: ನೀವಿಬ್ರೂ ಮಲೆನಾಡಿನ ಸಿಡಿಲು ಕಂಡಿಲ್ಲ. ನಮ್ಮಲ್ಲಿ ಮಳೆಗಾಲದ ಮೊದಲು ಮಾಡೆಮ್ ಸುಟ್ಟೇ ಹೋಗೋದು, ಕೆಲವು ಸಲ ಅರ್ಧ ಸುಟ್ಟು ಕಿರುಚೋದು ಕಿರುಚ್ತದೆ, ಡೇಟಾ ಹೋಗಲ್ಲ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು, ಕೂಲಿ ಸೇರಿ 1,850 ಕೊಟ್ಟಿದ್ದೀನಿ, ಬೆಂಗಳೂರಲ್ಲಿ ಕೂತವರಿಗೆ ಇದು ತಿಳಿಯಲ್ಲ.

ಕೊಪ್ಪದ ಅಕ್ಕ: ಜಗಳ ಬಿಡಿ ಎಲ್ರೂ. ತುಂಗಾತೀರ, ಸರ್ವರಲ್ಲಿ ಪಿಪಿಪಿಡಿಗೆ ಡೀಬಗ್ (ವಿವರವಾದ ಲಾಗ್) ಹಾಕಿ ‘ರಿಸೀವ್ಡ್’ ಸಾಲು ಒಂದಾದ್ರೂ ಇದ್ಯಾ ನೋಡಿ. ವಿಂಡೋಸ್ 98ರಲ್ಲಿ ಆ ಕನೆಕ್ಷನ್ನಿನ ಪ್ರಾಪರ್ಟೀಸಲ್ಲಿ ಲಾಗ್ ಟಿಕ್ ಮಾಡಿದ್ರೆ ವಿಂಡೋಸ್ ಫೋಲ್ಡರಲ್ಲಿ ಪಿಪಿಪಿಲಾಗ್ ಬರ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನಾವು ಕೃಷಿ ಸಂಘದಲ್ಲಿ ಇದನ್ನ ಬಿಟ್ಟು ಎರಡು ಮಾಡೆಮ್ ಕೊಂಡ್ವಿ, ಎರಡೂ ಇವತ್ತಿಗೂ ಬೀರುವಲ್ಲಿವೆ, ಬಿಲ್ಲಿಗೆ ಆಡಿಟರ್ ಸಹಿ ಹಾಕಲ್ಲ ಅಂದ್ರು.

ತುಂಗಾತೀರ: ನೋಡ್ದೆ ಅಕ್ಕ. ಎರಡು ಕಡೆನೂ ಕಳಿಸಿದ್ದು ಮಾತ್ರ ಇದೆ, ಬಂದಿದ್ದು ಒಂದೂ ಇಲ್ಲ. ಶಿವಮೊಗ್ಗ ಆಫೀಸಲ್ಲಿ ಹೋದ ತಿಂಗಳು ಫೈಬರ್ ಡಬ್ಬಿ ಹಾಕಿದಾರಂತೆ.

ಬೈನರಿ ಬಸವನಗುಡಿ: ಹೇಳಿದ್ನಲ್ಲ. ಎರಡೂ ಕಡೆ ಮಾಡೆಮ್ಮನ್ನ 9600ಕ್ಕೆ ಇಳಿಸಿ, ಇವತ್ತೇ ನೋಡಿ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಹುಬ್ಬಳ್ಳಿ ಮಂದಿ: ಇಳಿಸ್ರಿ, ಆದ್ರ ಕೇಬಲ್ಲೂ ಒಮ್ಮೆ ಮೀಟರ್ ಹಚ್ಚಿ ನೋಡ್ರಿ.

ಸಾಗರದವ: ಅರ್ಥಿಂಗ್ ಬಗ್ಗೆ ಯಾರೂ ಉತ್ತರ ಕೊಡ್ಲಿಲ್ಲ.