ಅಪ್ಪನ ಕನ್ನಡಕ ಎಲ್ಲಿಡಲಿ? ಸತ್ತ ಮೇಲೆ ಏನು ಅಂತ ನಿಮ್ಮ ಮನೆಯಲ್ಲಿ ಏನು ನಂಬುತ್ತಾರೆ?

ಪ್ರಶ್ನೆ: ಮಿಲ್ ಕ್ವಾರ್ಟರ್ಸ್ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ವಿಚಿತ್ರ ಪ್ರಶ್ನೆ. ನಗಬೇಡಿ. ನಕ್ಕರೂ ಆಮೇಲೆ ಉತ್ತರ ಕೊಡಿ.

ಹೋದ ವರ್ಷ ಯುಗಾದಿ ಮುಗಿದ ವಾರ ನಮ್ಮಪ್ಪ ತೀರಿಕೊಂಡರು. ಇಲ್ಲಿನ ಬಟ್ಟೆ ಮಿಲ್ಲಿನ ಸ್ಪಿನ್ನಿಂಗ್‌ನಲ್ಲಿದ್ದವರು. ಮಿಲ್ ಮುಚ್ಚಿದ ಮೇಲೆ ಮಂಡಕ್ಕಿ ಅಂಗಡಿ ಇಟ್ಟುಕೊಂಡಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಜನ ಸಾಲು ಹಚ್ಚಿ ಕಣ್ಣು ದಾನಕ್ಕೆ ಹೆಸರು ಬರೆಸಿದರಲ್ಲ, ಆಗ ಅಪ್ಪನೂ ಬರೆಸಿ ಬಂದಿದ್ದರು. ಮನೆಗೆ ಬಂದು ಹೇಳಿದ್ದು ಊಟ ಮುಗಿದ ಮೇಲೆ, ಅದೂ ಮಜ್ಜಿಗೆ ಕುಡಿಯುತ್ತಾ.

ತೀರಿಕೊಂಡಿದ್ದು ರಾತ್ರಿ ಹನ್ನೊಂದಕ್ಕೆ. ಫೋನ್ ಮಾಡಿದೆವು. ಒಂದೂವರೆ ಹೊತ್ತಿಗೆ ಇಬ್ಬರು ಬಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಕೊಂಡು ಹೋದರು. ಬೆಳಿಗ್ಗೆ ಜಗಳೂರು ಹತ್ತಿರದ ನಮ್ಮ ಊರಿಗೆ ಕರೆದುಕೊಂಡು ಹೋಗಿ, ಮಧ್ಯಾಹ್ನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಎಡಗೈಯಲ್ಲಿ ಲಿಂಗ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ. ಐನೋರು ಎಲ್ಲ ಕ್ರಮವಾಗಿ ಮಾಡಿಸಿದರು.

ಮೂರನೇ ದಿನ ಅವ್ವ ಗೋಡೆಗೆ ನೇತು ಹಾಕಿದ್ದ ಅಪ್ಪನ ಅಂಗಿ ತೆಗೆದರು. ಜೇಬಿನಲ್ಲಿ ಕನ್ನಡಕ ಇತ್ತು.

ಅಲ್ಲಿಂದ ಶುರು. ‘ಕನ್ನಡಕ ಇಲ್ದೆ ಆ ಮನುಷ್ಯ ಬಚ್ಚಲಿಗೂ ಹೋಗ್ತಿರ್ಲಿಲ್ಲ, ಹಂಗೇ ಕಳಿಸಿಬಿಟ್ವಲ್ಲೋ’ ಅಂತ ಒಂದೇ ಸಮ. ನನ್ನ ತಮ್ಮ ಬಾಯಿ ಸುಮ್ನೆ ಇಟ್ಟುಕೊಳ್ಳುವವನಲ್ಲ. ‘ಕಣ್ಣೇ ಕೊಟ್ಟಾದ ಮೇಲೆ ಕನ್ನಡಕ ಯಾಕವ್ವ?’ ಅಂದುಬಿಟ್ಟ. ಅವ್ವ ಅವನ ಹತ್ತಿರ ಎರಡು ದಿನ ಮಾತಾಡಲಿಲ್ಲ.

ಚಿತ್ರದುರ್ಗಕ್ಕೆ ಕೊಟ್ಟಿರುವ ನಮ್ಮ ಅಕ್ಕ ಶರಣ ಸಾಹಿತ್ಯ ಓದಿಕೊಂಡವಳು. ಅವಳದ್ದು ಖಡಕ್ ಮಾತು: ‘ಅಪ್ಪ ಲಿಂಗೈಕ್ಯ ಆದ್ರು. ನೀರು ನೀರಿಗೆ ಸೇರಿತು. ಇನ್ನು ಎಡೆಯೂ ಇಲ್ಲ, ತಿಥಿಯೂ ಇಲ್ಲ, ಕನ್ನಡಕವೂ ಇಲ್ಲ.’ ಶರಣರು ಹೇಳಿದ್ದು ಅದೇ, ಅವಳ ಮಾತಿನಲ್ಲಿ ತಪ್ಪು ಹುಡುಕೋಕಾಗಲ್ಲ. ಅವ್ವನೂ ಹೂಂ ಅನ್ನುತ್ತಾರೆ. ಹೂಂ ಅಂದು, ಮಾರನೇ ದಿನ ಮೊದಲ ದೋಸೆ ಕಾಗೆಗೆ ಇಡುತ್ತಾರೆ. ತಮ್ಮನ ಹೆಂಡತಿಗೆ ಈಗ ಏಳು ತಿಂಗಳು. ‘ಅವರೇ ಹುಟ್ಟಿ ಬರ್ತಾರೆ, ಹೆಸರು ಅವರದ್ದೇ ಇಡಬೇಕು’ ಅಂತಲೂ ಹೇಳಿ ಆಗಿದೆ. ಇಷ್ಟು ಸಾಲದು ಅಂತ ಮೊನ್ನೆ ನನ್ನನ್ನು ಕೇಳಿದರು: ‘ಅವರ ಕಣ್ಣು ಯಾರಿಗೋ ಹಾಕಿರ್ತಾರಲ್ಲ, ಆ ಪುಣ್ಯಾತ್ಮ ನೋಡಿದ್ದು ಇವರಿಗೂ ಕಾಣ್ತದಾ?’

ಅಂದರೆ ಅಪ್ಪ ಶಿವನಲ್ಲಿ ಸೇರಿದ್ದಾರೆ, ಕಾಗೆಯಾಗಿ ಬರುತ್ತಾರೆ, ಸೊಸೆಯ ಹೊಟ್ಟೆಯಲ್ಲಿದ್ದಾರೆ, ಯಾರದ್ದೋ ಮುಖದಲ್ಲಿ ಕೂತು ನೋಡುತ್ತಲೂ ಇದ್ದಾರೆ. ನಾಲ್ಕೂ ಒಂದೇ ಸಲಕ್ಕೆ! ಮತ್ತೆ ಇದರಲ್ಲಿ ಒಂದಕ್ಕೊಂದು ಕೂಡಲ್ಲ ಅಂತ ಅವ್ವನಿಗೆ ಅನ್ನಿಸುವುದೇ ಇಲ್ಲ.

ಅಪ್ಪನನ್ನು ಒಂದು ಸಲ ನಾನೇ ಕೇಳಿದ್ದೆ. ‘ಮಿಲ್ಲಲ್ಲಿ ಕರೆಂಟ್ ಹೋದಾಗ, ಎಲ್ಲಿಗೆ ಹೋಯ್ತು ಅಂತ ಯಾರಾದ್ರೂ ಕೇಳ್ತಾರೇನೋ?’ ಅಂದಿದ್ದರು. ನನ್ನದೂ ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಕನ್ನಡಕ ಮಾತ್ರ ಒಂದೂವರೆ ವರ್ಷದಿಂದ ನನ್ನ ಬೈಕಿನ ಆರ್.ಸಿ. ಇಡುವ ಡ್ರಾಯರ್‌ನಲ್ಲೇ ಇದೆ. ಬಿಸಾಡಲು ಕೈ ಬರುತ್ತಿಲ್ಲ.

ನಮ್ಮಲ್ಲಿ ವರ್ಷ ತುಂಬುವವರೆಗೆ ಎಡೆ ಇಡುವುದಿಲ್ಲ. ಹಾಗಾಗಿ ಈ ಮಹಾಲಯ ಅಮಾವಾಸ್ಯೆಯೇ ಅಪ್ಪನ ಮೊದಲ ಎಡೆ. ಅವತ್ತು ಕನ್ನಡಕ ಇಡಲೇಬೇಕು ಅಂತ ಅವ್ವ. ಇಟ್ಟರೆ ನಾನು ಆ ದಿನ ಬರುವುದೇ ಇಲ್ಲ ಅಂತ ಅಕ್ಕ. ನಿಮ್ಮ ಮನೆಗಳಲ್ಲಿ ಇಂಥದ್ದನ್ನು ಹೇಗೆ ಸಂಭಾಳಿಸುತ್ತೀರಿ?

ಉತ್ತರ 1: ನೇರ ಮಾತು

ಸತ್ತ ಮೇಲೆ ಏನೂ ಇಲ್ಲ ಸಾರ್. ಮೆದುಳು ನಿಂತರೆ ಮುಗಿಯಿತು. ಅಮ್ಮನಿಗೆ ಕೂರಿಸಿ ಹೇಳಿ. ಕನ್ನಡಕ ಯಾರಾದರೂ ಬಡವರಿಗೆ ಕೊಡಿ.

ಉತ್ತರ 2: ಮೊಳಕಾಲ್ಮೂರು ಮೇಷ್ಟ್ರು

ಮೇಲಿನವರ ಮಾತು ಸರಿಯೇ ಇರಬಹುದು, ಆದರೆ ಮನೆಯಲ್ಲಿ ಅವ್ವನ ಜೊತೆ ಇರಬೇಕಾದವರು ಅವರಲ್ಲವಲ್ಲ.

ನಾನು ಇತಿಹಾಸ ಪಾಠ ಮಾಡಿದವನು, ಈಗ ರಿಟೈರ್ಡ್. ಪ್ರತಿ ವರ್ಷ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮ ತಾಲೂಕಿನಲ್ಲೇ, ಸಿದ್ದಾಪುರದ ಹತ್ತಿರ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಗೋರಿಗಳು ಸಿಕ್ಕವು. ನಾಲ್ಕು ಕಡೆ ಕಲ್ಲು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪೆಟ್ಟಿಗೆ ಥರ. ಒಳಗೆ ಮೂಳೆ. ಜೊತೆಗೆ ಏನಿತ್ತು ಗೊತ್ತಾ? ಕಪ್ಪು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಸಾಮಾನುಗಳು. ಅಂದರೆ ಆ ಕಾಲದವರಿಗೂ ನಿಮ್ಮ ಅವ್ವನದ್ದೇ ಚಿಂತೆ. ಹೋಗುವವರ ಕೈಗೆ ಏನಾದರೂ ಕೊಟ್ಟು ಕಳಿಸಬೇಕು.

ಒಂದು ಚಪ್ಪಡಿಯಲ್ಲಿ ದುಂಡಗೆ ಕಿಂಡಿ ಕೊರೆದಿರುತ್ತಾರೆ. ಇದು ಯಾಕಿರಬಹುದು ಅಂತ ನಾನು ಮಕ್ಕಳಿಗೆ ಬಿಡುತ್ತಿದ್ದೆ. ‘ಗಾಳಿಗೆ ಸಾರ್’ ಅಂತ ಒಬ್ಬ. ‘ಜೀವ ಹೊರಗೆ ಹೋಗೋಕೆ’ ಅಂತ ಇನ್ನೊಬ್ಬ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ, ‘ಮರೆತದ್ದು ಏನಾದ್ರೂ ಇದ್ರೆ ಆಮೇಲೆ ಒಳಗೆ ಹಾಕೋಕೆ ಸಾರ್’ ಅಂದಳು. ಹದಿನೈದು ವರ್ಷದ ಹಿಂದಿನ ಮಾತು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಅವಳೇ ನೆನಪಾದಳು. ಒಂದೇ ಗೋರಿಯಲ್ಲಿ ಹಲವರ ಮೂಳೆ ಸಿಕ್ಕಿದ್ದೂ ಉಂಟು, ಅಂದರೆ ಆಮೇಲೆ ಬಂದು ಸೇರಿಸುತ್ತಿದ್ದರು. ಅವಳು ಹೇಳಿದ್ದು ತೀರಾ ತಳ್ಳಿಹಾಕುವ ಮಾತೇನಲ್ಲ.

ಇನ್ನೊಂದು. ಅಲ್ಲೇ ಕೂಗಳತೆಯಲ್ಲಿ ಅಶೋಕನ ಶಾಸನದ ಬಂಡೆ ಇದೆ, ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಹಚ್ಚಿದ್ದು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ದೊಡ್ಡ ಸ್ವರ್ಗ ಸಿಗುತ್ತದೆ ಅಂತ ಅದರಲ್ಲಿ ಬರೆಸಿದ್ದಾನೆ. ಒಂದೇ ಗುಡ್ಡದ ಬುಡದಲ್ಲಿ ಒಬ್ಬರು ಮಡಕೆ ಇಟ್ಟು ಕಳಿಸುತ್ತಾರೆ, ಇನ್ನೊಬ್ಬರು ಸ್ವರ್ಗದ ದಾರಿಯನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ನಿಮ್ಮ ಮನೆ ಅದಕ್ಕಿಂತ ಬೇರೆ ಏನಲ್ಲ ಬಿಡಿ.

ಉತ್ತರ 3: ಆಜಾದ್ ನಗರ ಕಡೆಯವ

ಅಣ್ಣಾ, ನಾನೂ ದಾವಣಗೆರೆಯವನೇ. ನಮ್ಮಲ್ಲಿ ಗಂಡಸರಿಗೆ ಮೂರು ತುಂಡು ಬಿಳಿ ಬಟ್ಟೆ, ಅಷ್ಟೇ. ಉಂಗುರ ಇದ್ದರೂ ತೆಗೆಯುತ್ತಾರೆ. ಮಣ್ಣು ಕೊಟ್ಟು ಜನ ವಾಪಸ್ ಹೊರಟ ಮೇಲೆ ಮುನ್ಕರ್, ನಕೀರ್ ಅಂತ ಇಬ್ಬರು ಫರಿಶ್ತೆಗಳು, ಅಂದರೆ ದೇವದೂತರು, ಬಂದು ಪ್ರಶ್ನೆ ಕೇಳುತ್ತಾರೆ ಅಂತ ನಂಬಿಕೆ. ನಿನ್ನ ರಬ್ (ದೇವರು) ಯಾರು, ನಿನ್ನ ದೀನ್ (ಧರ್ಮ) ಯಾವುದು ಅಂತ. ನಮ್ಮ ಅಬ್ಬಾ ತೀರಿಕೊಂಡಾಗ ನನಗೆ ಹತ್ತೊಂಬತ್ತು. ಕಬರಸ್ತಾನದ ಗೇಟಿನ ಹತ್ತಿರ ನಿಂತುಬಿಟ್ಟಿದ್ದೆ, ಹೆಜ್ಜೆ ಏಳಲಿಲ್ಲ. ಅಬ್ಬಾಗೆ ಕಿವಿ ಕೇಳುತ್ತಿರಲಿಲ್ಲ. ಪ್ರಶ್ನೆ ಕೇಳಿಸದಿದ್ದರೆ ಏನು ಮಾಡುತ್ತಾರೆ ಅಂತ ನನ್ನ ಯೋಚನೆ! ನಮ್ಮ ಮಾಮು ಹೆಗಲ ಮೇಲೆ ಕೈ ಹಾಕಿ, ‘ಅಲ್ಲಿ ಮಶೀನ್ ಬೇಕಾಗಲ್ಲ, ನಡಿ’ ಅಂದರು. ಕಿವಿ ಮಶೀನ್ ಅಂತ ನಾನು ಬಾಯಿ ಬಿಟ್ಟು ಹೇಳಿರಲೇ ಇಲ್ಲ.

ಅದಕ್ಕೇ ನಿಮ್ಮ ಅವ್ವನ ಕನ್ನಡಕ ನನಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಮನೆಯಲ್ಲೂ ಒಬ್ಬೊಬ್ಬರದು ಒಂದೊಂದು. ಶಬೇ ಬರಾತ್‌ಗೆ ಅಮ್ಮಿ ಹಲ್ವಾ ಮಾಡಿ ಅಬ್ಬಾ ಹೆಸರಲ್ಲಿ ಫಾತಿಹಾ (ಪ್ರಾರ್ಥನೆ) ಕೊಡಿಸುತ್ತಾರೆ. ನಮ್ಮ ದೊಡ್ಡಣ್ಣ ಇದೆಲ್ಲ ದೀನ್‌ನಲ್ಲಿ ಇಲ್ಲ ಅನ್ನುತ್ತಾನೆ. ಅಂದು, ಹಲ್ವಾ ಎರಡು ಪ್ಲೇಟ್ ತಿನ್ನುತ್ತಾನೆ. ನಿಮ್ಮ ಅಕ್ಕನೂ ಬರುತ್ತಾರೆ ನೋಡಿ.

ಉತ್ತರ 4: ದುರ್ಗದ ಸಿಸ್ಟರ್

ನಾನು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಅಮ್ಮನವರ ಒಂದು ಪ್ರಶ್ನೆಗೆ ಮಾತ್ರ ಉತ್ತರ ಹೇಳಬಲ್ಲೆ.

ಇನ್ನೊಬ್ಬರಿಗೆ ಹಾಕುವುದು ಇಡೀ ಕಣ್ಣಲ್ಲ, ಕಾರ್ನಿಯಾ. ಕಣ್ಣಿನ ಮುಂದಿನ ತೆಳು ಪರದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಗಾಜಿನ ಹಾಗೆ ತಿಳಿ. ಅದು ನೋಡುವುದಿಲ್ಲ, ಬೆಳಕು ಒಳಗೆ ಬಿಡುತ್ತದೆ. ನೋಡುವುದು ಮೆದುಳು. ಹಾಗಾಗಿ ಕಿಟಕಿಯ ಗಾಜು ನಿಮ್ಮ ತಂದೆಯವರದ್ದು, ಒಳಗೆ ನಿಂತು ನೋಡುವವರು ಬೇರೆ. ಕನ್ನಡಕ ಹಾಕುತ್ತಿದ್ದವರು, ಪೊರೆ ಆಪರೇಷನ್ ಆದವರು ಕೂಡ ಕೊಡಬಹುದು. ಯಾರಿಗೆ ಹಾಕಿದರು ಅಂತ ಮಾತ್ರ ಹೇಳುವುದಿಲ್ಲ, ಆ ಕಡೆಯವರಿಗೂ ಹೇಳುವುದಿಲ್ಲ. ಸಾಮಾನ್ಯವಾಗಿ ಒಂದೊಂದು ಒಬ್ಬೊಬ್ಬರಿಗೆ. ಪುನೀತ್ ಅವರದ್ದನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದ್ದರು.

ಓದುವವರಿಗೆಲ್ಲ ಒಂದು ಮಾತು: ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಕೂಡಲೇ ಫೋನ್ ಮಾಡಿ. ನಾವು ಬರುವವರೆಗೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆಗೊಂದು ದಿಂಬು ಕೊಡಿ. ‘ಮುಂದಿನ ಜನ್ಮದಲ್ಲಿ ಕುರುಡ ಆಗಿ ಹುಟ್ಟುತ್ತಾರೆ’ ಅಂತ ಕೊನೇ ಗಳಿಗೆಯಲ್ಲಿ ಬೇಡ ಅಂದವರನ್ನು ಎಷ್ಟೋ ಸಲ ನೋಡಿದ್ದೇನೆ. ವಾದ ಮಾಡದೆ ವಾಪಸ್ ಬರುತ್ತೇವೆ. ಆ ಹೊತ್ತಿನಲ್ಲಿ ಏನು ವಾದ ಮಾಡೋದು? ನಿಮ್ಮ ಅಮ್ಮ ಅಷ್ಟೆಲ್ಲ ನಂಬಿಕೊಂಡೂ ಅಡ್ಡಿ ಮಾಡಲಿಲ್ಲ. ಅದನ್ನು ಅವರಿಗೆ ಹೇಳಿ.

ಮತ್ತೆ ಮಿಲ್ ಕ್ವಾರ್ಟರ್ಸ್ ಹುಡುಗ

ಅಮಾವಾಸ್ಯೆ ಮುಗಿಯಿತು. ಏನಾಯಿತು ಅಂತ ಹೇಳಿಬಿಡುತ್ತೇನೆ.

ಸಿಸ್ಟರ್, ನೀವು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಕಿಟಕಿ ಗಾಜಿನ ಮಾತು ಬಹಳ ಹಿಡಿಸಿತು. ಸ್ವಲ್ಪ ಹೊತ್ತು ಬಿಟ್ಟು, ‘ಗಾಜು ಇವರದ್ದೇ ಅಂದ್ರೆ, ಆ ಮನುಷ್ಯನಿಗೂ ಕನ್ನಡಕ ಬೇಕಾಗಿರುತ್ತಲ್ಲ? ಆಸ್ಪತ್ರೆಗೆ ಕೊಟ್ರೆ ಅವರಿಗೆ ಮುಟ್ಟಿಸ್ತಾರಾ?’ ಅಂದರು. ಇದಕ್ಕೆ ನಿಮ್ಮಲ್ಲಿ ಏನಾದರೂ ಉತ್ತರ ಇದ್ದರೆ ಹೇಳಿ, ನಾನಂತೂ ಕೈ ಚೆಲ್ಲಿದೆ.

ಆಜಾದ್ ನಗರದ ಅಣ್ಣ, ನೀವು ಹೇಳಿದ ಹಾಗೇ ಅಕ್ಕ ಬಂದಳು. ಒಂದು ಕರಾರಿನ ಮೇಲೆ. ಎಡೆಗೆ ಕೈ ಮುಗಿಯುವುದಿಲ್ಲ, ಲಿಂಗಪೂಜೆ ಮಾಡಿಕೊಂಡು ಪ್ರಸಾದ ಅಂತ ಊಟ ಮಾಡುತ್ತೇನೆ ಅಂತ. ಆಯ್ತು ಅಂದೆವು. ಆಮೇಲೆ ಮೆಣಸಿನಕಾಯಿ ಕರಿಯುವಾಗ ‘ಅಪ್ಪಂಗೆ ಇಷ್ಟು ಕೆಂಪಗೆ ಆದ್ರೆ ಆಗ್ತಿರ್ಲಿಲ್ಲ’ ಅಂತ ಉರಿ ಸಣ್ಣ ಮಾಡಿದ್ದೂ ಅವಳೇ. ಯಾರೂ ಏನೂ ಅನ್ನಲಿಲ್ಲ. ತಮ್ಮ ಕೂಡ!

ಎಡೆಯಲ್ಲಿ ಹೋಳಿಗೆ, ಮಂಡಕ್ಕಿ, ಮೆಣಸಿನಕಾಯಿ, ಹೊಸ ಪಂಚೆ. ಹಿಂದಿನ ದಿನ ಸಂಜೆ ಅವ್ವ ಡ್ರಾಯರ್‌ನಿಂದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಲಗಡೆ ಕಡ್ಡಿ ಅಲ್ಲಾಡುತ್ತಿತ್ತು. ‘ಹಿಂಗೇ ಇಡೋದಾ? ಸ್ಕ್ರೂ ಟೈಟ್ ಮಾಡಿಸ್ಕೊಂಡು ಬಾ’ ಅಂದರು.

ಹೋದೆ. ಅಂಗಡಿಯವನು ಸಣ್ಣ ಸ್ಕ್ರೂಡ್ರೈವರ್ ತೆಗೆದು ತಿರುವಿದ. ಕಡ್ಡಿ ಎರಡು ಸಲ ಮಡಚಿ ಬಿಚ್ಚಿ ನೋಡಿದ. ದುಡ್ಡು ಬೇಡ ಅಂದ. ‘ಯಾರದ್ದು?’ ಅಂತ ಕೇಳಿದ.

‘ಅಪ್ಪನದು.’

‘ಹಾಕ್ಕೊಂಡು ನೋಡ್ಲಿ. ಕಿವಿ ಹಿಂದೆ ಒತ್ತಿದ್ರೆ ತಗೊಂಡು ಬನ್ನಿ, ಸರಿ ಮಾಡಿ ಕೊಡ್ತೀನಿ.’

ಆಯ್ತು ಅಂತ ಹೇಳಿ ಬಂದೆ.